ಮುಂದಿನ ಸಾಲಿನ ಕುರ್ಚಿ

ಅಕ್ಕ, ಸ್ಯಾನ್ ಡಿಯೇಗೋದ ಆ ಕಣ್ಣಿನ ಡಾಕ್ಟರದು ಏನೂ ತಪ್ಪಿಲ್ಲ. ನಿನ್ನ ದೃಷ್ಟಿ ಹೋಗುತ್ತದೆ ಎಂದು ಅವರು ಅವತ್ತೇ ಹೇಳಿದ್ದರು. ಬಿಡಿಸಿ, ನಿಧಾನವಾಗಿ, ನನ್ನ ಮುಖ ನೋಡಿಕೊಂಡೇ ಹೇಳಿದ್ದರು. ನಿನಗೆ ಹೇಳದೆ ಬಚ್ಚಿಟ್ಟವಳು ನಾನು.

ಮೈಸೂರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ "ಅಮೆರಿಕದ ಡಾಕ್ಟರಿಗೇ ಗೊತ್ತಾಗ್ಲಿಲ್ಲ ಕಣ್ರೀ" ಎನ್ನುತ್ತೀಯಂತೆ. ಭಾನುವಾರದ ಫೋನಿನಲ್ಲಿ ನನಗೂ ಅದನ್ನೇ ಹೇಳುತ್ತೀಯ. ನಾನು "ಹ್ಞೂಂ" ಅನ್ನುತ್ತೇನೆ. ಆ ಒಂದು ಹ್ಞೂಂ ಬಾಯೊಳಗಿನ ಬಿಸಿತುಪ್ಪ — ಉಗುಳುವಂತಿಲ್ಲ, ನುಂಗುವಂತಿಲ್ಲ.

ಕೋವಿಡ್ ಕಳೆದು ವಿಮಾನಗಳು ಓಡಾಡತೊಡಗಿದ ಮೇಲೆ ನೀನು ಮೊದಲ ಸಲ ಸ್ಯಾನ್ ಡಿಯೇಗೋದ ಬಡಾವಣೆ ಫೋರ್ ಎಸ್ ರ್ಯಾಂಚಿನ ನನ್ನ ಮಗನ ಮನೆಗೆ ಬಂದೆ. ಬಂದವಳು ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದು, "ಕನ್ನಡಕ ಬದಲಾಯಿಸ್ಬೇಕೇನೋ ಪದ್ದಿ" ಎಂದು ನಕ್ಕೆ. ಡಾಕ್ಟರ ಹತ್ತಿರ ಹೋದೆವು. ಅವರ ಇಂಗ್ಲಿಷಿನ ಓಟ ನಿನ್ನ ಕಿವಿಗೆ ಹತ್ತಲಿಲ್ಲ. ಎರಡೂ ಕಣ್ಣುಗಳಲ್ಲಿ ನಡುಭಾಗದ ನೋಟ ಹೋಗುತ್ತಿದೆ, ಔಷಧಿಯಿಂದ ನಿಲ್ಲಿಸುವ ಹಂತ ದಾಟಿದೆ, ಒಂದು ವರ್ಷ ಉಳಿದರೆ ಹೆಚ್ಚು ಎಂದರು. ಆಮೇಲೆ ದನಿ ತಗ್ಗಿಸಿ, ಇವರಿಗೆ ಏನಾದರೂ ನೋಡುವ ಆಸೆಯಿದ್ದರೆ ಈಗಲೇ ತೋರಿಸಿ ಎಂದರು.

"ಏನಂತೆ?" ಎಂದೆ ನೀನು.

"ವಯಸ್ಸಿಂದು ಅಕ್ಕ. ಡ್ರಾಪ್ಸ್ ಹಾಕ್ಕೊಂಡ್ರೆ ಸಾಕಂತೆ."

ದಾರಿಯಲ್ಲಿ ಅಂಗಡಿಗೆ ನುಗ್ಗಿ ಕಣ್ಣು ಒದ್ದೆ ಮಾಡುವ ಯಾವುದೋ ಡ್ರಾಪ್ಸ್ ತಂದೆ. ನೀನು ಬೆಳಿಗ್ಗೆ ಸಂಜೆ ತಪ್ಪದೆ, ದೇವರ ತೀರ್ಥದಷ್ಟು ಭಕ್ತಿಯಿಂದ ಹಾಕಿಕೊಂಡೆ.

ನಮ್ಮ ಮನೆಯ ಪದ್ಧತಿ ಇದೇ ತಾನೇ — ಕೆಟ್ಟ ರೋಗವನ್ನು ಊರಿಗೆಲ್ಲ ಹೇಳುತ್ತೇವೆ, ರೋಗಿಗೊಬ್ಬಳಿಗೆ ಹೇಳುವುದಿಲ್ಲ. ಅಮ್ಮನ ಕಾಯಿಲೆ ಗೊತ್ತಾದಾಗ ಆಸ್ಪತ್ರೆಯ ಬಾಗಿಲ ಹೊರಗೆ ನನ್ನ ಕೈ ಹಿಡಿದು "ಅಮ್ಮಂಗೆ ಹೇಳ್ಬೇಡ ಕಣೇ, ಧೈರ್ಯ ಕಳ್ಕೋತಾಳೆ" ಎಂದವಳು ನೀನೇ. ನಿನ್ನಿಂದ ಕಲಿತದ್ದನ್ನೇ ಮಾಡಿದೆ ಎಂದು ಬಹಳ ದಿನ ಅದರ ಹಿಂದೆ ಅಡಗಿದ್ದೆ. ಅದು ನಿಜವಲ್ಲ. ಮುಂದಿನ ವಾರ ಮೊಮ್ಮಗಳು ಇಶಾಳ ಹುಟ್ಟುಹಬ್ಬವಿತ್ತು, ವಾಲ್‌ನಟ್ ಊರಿನಿಂದ ಬೀಗರು ಬರುವವರಿದ್ದರು. ನೀನು ಮೂಲೆಯಲ್ಲಿ ಅಳುತ್ತ ಕೂತರೆ ಮನೆಯ ಕಳೆ ಹೋಗುತ್ತದೆ ಎಂದುಕೊಂಡೆ. ನಿನ್ನ ಧೈರ್ಯದ ಯೋಚನೆ ನನಗೆ ಆಗ ಬಂದೇ ಇರಲಿಲ್ಲ.

ನಿನ್ನ ಆಸೆ ಏನೆಂದು ನನಗೆ ಗೊತ್ತಿತ್ತು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವಾಗ ಕೆಂಪು ಸೀಮೆಸುಣ್ಣವನ್ನು ಜ್ವಾಲಾಮುಖಿಯ ಪಾಠಕ್ಕೆಂದೇ ಡಬ್ಬಿಯಲ್ಲಿ ಎತ್ತಿಡುತ್ತಿದ್ದವಳು ನೀನು. "ಹಾಲಿನ ಮೇಲೆ ಕೆನೆ ಕಟ್ಟೋ ಹಾಗೆ ಲಾವಾರಸದ ಮೇಲೆ ಕಪ್ಪು ಕೆನೆ ಕಟ್ಟತ್ತೆ" ಎಂದು ಎಲ್ಲ ತರಗತಿಗಳಿಗೂ ಹೇಳುತ್ತಿದ್ದೆ. ಮನೆಗೆ ಬಂದು ನನ್ನೊಬ್ಬಳ ಹತ್ತಿರ, "ನಾನೇನು ಕಂಡಿದೀನಾ, ಪುಸ್ತಕದಲ್ಲಿ ಓದಿದ್ದು" ಎಂದು ಪೆಚ್ಚಾಗುತ್ತಿದ್ದೆ. ಲಾಸ್ ಏಂಜಲೀಸಿನ ಒಂದು ಹಾಲ್‌ನಲ್ಲಿ ಕಪ್ಪು ಕಲ್ಲನ್ನು ಕುಲುಮೆಯಲ್ಲಿ ಕರಗಿಸಿ, ಜನರ ಮುಂದೆಯೇ ಲಾವಾರಸ ಹರಿಸುತ್ತಾರೆ ಎಂದು ಮಗ ಹೇಳಿದಾಗ ಕೂಡಲೇ ಬುಕ್ ಮಾಡಿಸಿದೆ. ಮುಂದಿನ ಸಾಲಿನಲ್ಲಿ ಎರಡೇ ಕುರ್ಚಿ ಸಿಕ್ಕವು, ನಿನಗೊಂದು, ನನಗೊಂದು. ಮಗ, ಸೊಸೆ, ಇಶಾಗೆ ಕೊನೆಯ ಸಾಲು.

ಕಾರಿನಲ್ಲಿ ನಿನ್ನ ಉತ್ಸಾಹವೋ ಉತ್ಸಾಹ. "ಮನೆಯೊಳಗೆ ಜ್ವಾಲಾಮುಖಿ! ನಿಮ್ಮ ಊರಲ್ಲಿ ಒಲೆ ಹಚ್ಚೋದು ನೋಡೋಕೂ ಟಿಕೆಟ್ಟು" ಎಂದು ನನ್ನ ಮಗನನ್ನು ಛೇಡಿಸಿದೆ.

ಹಾಲ್‌ನಲ್ಲಿ ಕೊಟ್ಟ ಕಪ್ಪು ಕನ್ನಡಕವನ್ನು ನಿನ್ನ ಕನ್ನಡಕದ ಮೇಲೆಯೇ ಏರಿಸಿ ಕೂತಿದ್ದೆ. ಇನ್ನೇನು ದೀಪ ಆರಬೇಕು, ಹಿಂದಿನಿಂದ ಇಶಾಳ ಅಳು ಕೇಳಿತು. "ಐ ಕಾಂಟ್ ಸೀ ಎನಿಥಿಂಗ್!" ನೀನು ತಟ್ಟನೆ ಎದ್ದೆ.

"ಮಗು ಇಲ್ಲಿ ಕೂತ್ಕೊಳ್ಲಿ. ನಂಗೇನೇ, ಮುಂದಿನ ವರ್ಷ ಬರ್ತೀನಲ್ಲ, ಆಗ ಹತ್ರದಿಂದ ನೋಡ್ತೀನಿ."

ಅಕ್ಕ, ನಾನು ಏಳಬಹುದಿತ್ತು. ನನ್ನ ಕುರ್ಚಿ ಅಲ್ಲೇ ಇತ್ತು, ಪಕ್ಕದಲ್ಲಿ. ಬೆಂಕಿಯ ಎದುರು ಮಗುವಿನ ಜೊತೆ ನಾನಿರಬೇಕಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ — ಯಾಕೆ, ನೀನು ಇರುತ್ತಿರಲಿಲ್ಲವೇ? ಹಠ ಹಿಡಿದು ಕೂರಿಸಿದರೆ "ಯಾಕೆ ಇಷ್ಟು ಬಲವಂತ" ಎಂದು ನೀನು ಕೇಳುತ್ತೀಯೆಂಬ ಹೆದರಿಕೆಯಿತ್ತು. ಮತ್ತೆ... ನನಗೂ ನೋಡುವ ಆಸೆಯಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

"ಸರಿ ಅಕ್ಕ, ಮುಂದಿನ ವರ್ಷ ನೋಡಿದ್ರಾಯ್ತು" ಎಂದೆ. ಆ ಮುಂದಿನ ವರ್ಷ ನಿನಗಿಲ್ಲವೆಂದು ಆ ಹಾಲ್‌ನಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ದೀಪ ಆರಿತು. ಕುಲುಮೆಯ ಬಾಯಿ ತೆರೆದು ಕೆಂಪಗೆ ಹರಿದು ಬಂತು. ಮುಖಕ್ಕೆ ಝಳ ಬಡಿಯಿತು, ಇಶಾ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ನಾನು ತಿರುಗಿ ಹಿಂದೆ ನೋಡಿದೆ. ಕೊನೆಯ ಸಾಲಿನಲ್ಲಿ ನೀನು ತುದಿಗಾಲ ಮೇಲೆ ನಿಂತು, ತಲೆಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆ ಮಾಡುತ್ತ, ಕಪ್ಪು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿ, ಮತ್ತೆ ತೆಗೆದು... ನಿನ್ನ ಕಣ್ಣಿನದಲ್ಲ, ಕನ್ನಡಕದ ದೋಷವೆಂದು ತಿಳಿದಿದ್ದೆ ನೀನು. ನನಗೆ ನಿನ್ನಿಂದ ಕಣ್ಣು ಕೀಳಲಾಗಲಿಲ್ಲ. ಮುಂದಕ್ಕೆ ತಿರುಗುವ ಹೊತ್ತಿಗೆ ಎಲ್ಲ ಕಪ್ಪಾಗಿ, ಚಿಟಚಿಟ ಎಂದು ಬಿರುಕು ಬಿಡುತ್ತಿತ್ತು.

ಮರಳುವಾಗ ಕಾರಿನಲ್ಲಿ ನೀನು ಕೇಳಿದೆ. "ನಂಗೆ ಬರೀ ಕೆಂಪು ಮಸುಕು ಕಾಣಿಸ್ತು ಕಣೆ. ಕೆನೆ ಕಟ್ತಾ?"

"ಕಟ್ತು ಅಕ್ಕ. ನೀನು ಹೇಳ್ತಿದ್ದ ಹಾಗೇ."

"ನೋಡಿದ್ಯಾ, ಸುಳ್ಳು ಪಾಠ ಮಾಡ್ಲಿಲ್ಲ ನಾನು" ಎಂದು ನೀನು ಎಷ್ಟು ಹಿಗ್ಗಿದೆ! ಅಕ್ಕ, ಕೆನೆ ಕಟ್ಟುವುದನ್ನು ನಾನು ನೋಡಲೇ ಇಲ್ಲ. ನಿನ್ನ ಕುರ್ಚಿಯನ್ನೂ ಕಳೆದೆ, ನನ್ನದನ್ನೂ ದಂಡ ಮಾಡಿದೆ.

ವರ್ಷ ತುಂಬುವ ಮೊದಲೇ ಎಲ್ಲ ಮುಗಿಯಿತು. ಹೋದ ಸಲ ಮೈಸೂರಿಗೆ ಬಂದಾಗ ನನ್ನ ಗಲ್ಲ ಸವರಿ, "ನಡುವೆ ಏನೂ ಕಾಣಲ್ಲ, ಸುತ್ತ ಅಂಚು ಮಾತ್ರ. ನಿನ್ನ ಮುಖ ಇಲ್ಲ ಪದ್ದಿ, ಓಲೆ ಇದೆ" ಎಂದು ನಕ್ಕೆ. ನಾನೂ ನಕ್ಕೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೊದಲೇ ಗೊತ್ತಿದ್ದರೆ ನೀನು ಅತ್ತು, ಕಣ್ಣೊರೆಸಿಕೊಂಡು, ಆ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಿರುತ್ತಿದ್ದೆಯೇನೋ. ನಿನ್ನ ಪಾಲಿನ ಆ ನೋಟವನ್ನು ಮಗುವಿಗೇ ಆದರೂ ಬಿಟ್ಟುಕೊಡುತ್ತಿದ್ದೆಯೋ ಇಲ್ಲವೋ — ಅದನ್ನು ನಿರ್ಧರಿಸಬೇಕಾದವಳು ನೀನಾಗಿದ್ದೆ.

ಕ್ಷಮಿಸು ಎಂದು ಕೇಳಲು ಬಾಯಿ ಬರುವುದಿಲ್ಲ. ಇದನ್ನು ನೀನು ಓದಲಾರೆ. ಪಕ್ಕದ ಮನೆಯವರಿಂದ ಓದಿಸುವಂಥದ್ದೂ ಅಲ್ಲ. ಈ ಭಾನುವಾರ ನೀನು ಆ ಡಾಕ್ಟರನ್ನು ಬಯ್ಯಲು ಶುರುಮಾಡುವ ಮೊದಲೇ ತಡೆದು, ಮೊದಲ ಸಾಲಿನಿಂದ ನಾನೇ ಓದುತ್ತೇನೆ. ಈ ಸಲ ಒಂದು ಮಾತನ್ನೂ ಬದಲಿಸುವುದಿಲ್ಲ.