ಹೆರಿಗೆ ವಾರ್ಡಿಗೆ ಬೀಗ ಹಾಕಿಸಿದ ಮಂತ್ರಿ

ಮಂತ್ರಿಯಾಗುವ ಮೊದಲು ಅವನು ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯವನು. ಕೆಮ್ಮಿಗೆ ಯಾವ ಸಿರಪ್ಪು, ಹೊಟ್ಟೆನೋವಿಗೆ ಯಾವ ಮಾತ್ರೆ ಎಂದು ಜನ ಅವನನ್ನೇ ಕೇಳುತ್ತಿದ್ದುದರಿಂದ ‘ಅರ್ಧ ಡಾಕ್ಟ್ರು’ ಎಂಬ ಹೆಸರು ಬಿದ್ದಿತ್ತು. ಮಾತ್ರೆ ಕೊಳ್ಳಲು ಬಂದವರು ಚರಂಡಿಯ ಗೋಳು, ಬೀದಿದೀಪದ ಗೋಳು ಹೇಳಿಕೊಂಡು ಹೋಗುತ್ತಿದ್ದರು. ಇವನು ಮಧ್ಯಾಹ್ನ ಷಟರ್ ಎಳೆದು ಪುರಸಭೆಗೆ ಹೋಗಿ ಜಗಳಾಡಿ ಬರುತ್ತಿದ್ದ. ಹಾಗೆ ಜಗಳಾಡುತ್ತಲೇ ಪುರಸಭೆಯ ಸದಸ್ಯನಾದ, ಆಮೇಲೆ ಶಾಸಕನೂ ಆದ.

ಇದರ ಹಿಂದಿದ್ದವಳು ಅಕ್ಕ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು, ಊರಿನ ಸರಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದವಳು. ಅರ್ಧ ಊರು ಅವಳ ಕೈಯಲ್ಲೇ ಕಣ್ಣು ಬಿಟ್ಟಿತ್ತು. ನಿವೃತ್ತಳಾದ ಮೇಲೂ ದಿನಕ್ಕೊಮ್ಮೆ ವಾರ್ಡಿಗೆ ಹೋಗಿ ಬರದಿದ್ದರೆ ಊಟ ಸೇರುತ್ತಿರಲಿಲ್ಲ. ಚುನಾವಣೆ ಬಂತೆಂದರೆ ಮನೆಮನೆಗೆ ಹೊರಡುವಳು.

“ಹುಟ್ಟಿದಾಗ ನಿಂಗೆ ಅಳೋಕೂ ಬರ್ತಿರ್ಲಿಲ್ಲ. ಬೆನ್ನಿಗೆರಡು ಬಾರಿಸಿ ಅಳ್ಸಿದ್ದು ನಾನು. ತಮ್ಮನಿಗೆ ವೋಟು ಹಾಕ್ತೀಯೋ, ಇನ್ನೆರಡು ಬಾರಿಸ್ಲೋ?”

ಬಾಗಿಲಲ್ಲಿ ನಿಂತ ದಪ್ಪ ಮೀಸೆಯವರು ನಾಚಿಕೊಂಡು ತಲೆಯಾಡಿಸುತ್ತಿದ್ದರು.

ಎರಡನೇ ಸಲ ಗೆದ್ದಾಗ ಆರೋಗ್ಯ ಖಾತೆ ಸಿಕ್ಕಿತು. ಆ ವರ್ಷವೇ ಸಣ್ಣ ಪಟ್ಟಣವೊಂದರ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬಳು ರಕ್ತಸ್ರಾವದಿಂದ ಸತ್ತಳು. ಅಲ್ಲಿ ಕೊಡಲು ರಕ್ತವಿರಲಿಲ್ಲ, ಆಪರೇಷನ್ ಮಾಡುವವರೂ ಇರಲಿಲ್ಲ. ಮಂತ್ರಿ ಅವಳ ಮನೆಗೆ ಹೋದ. ಗಂಡ ಬೈಯಲಿಲ್ಲ, ಅಳಲಿಲ್ಲ. ಮಗುವನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಒಂದು ತೋಳಿನಿಂದ ಇನ್ನೊಂದಕ್ಕೆ ಬದಲಿಸುತ್ತಲೇ ಇದ್ದ. ರಾಜಧಾನಿಗೆ ಮರಳಿದವನೇ, ಇಂಥ ಹೆರಿಗೆ ವಾರ್ಡುಗಳನ್ನೆಲ್ಲ ಮುಚ್ಚಿ ಗರ್ಭಿಣಿಯರನ್ನು ದೊಡ್ಡಾಸ್ಪತ್ರೆಗಳಿಗೆ ಕಳಿಸಬೇಕೆಂದು ಆದೇಶ ಬರೆಸಿದ.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. “ಸರ್, ಇದ್ರಲ್ಲಿ ನಿಮ್ಮೂರಿಂದೂ ಬರುತ್ತೆ. ಅದೊಂದನ್ನ ಸದ್ಯಕ್ಕೆ ಬಿಡಬಹುದು.”

“ನಮ್ಮೂರಲ್ಲಿ ರಕ್ತ ಸಿಗುತ್ತೇನ್ರೀ?”

“ಇಲ್ಲ ಸರ್.”

“ಮತ್ತೆ?”

ಅಕ್ಕನಿಗೆ ತಾನೇ ಮೊದಲು ಹೇಳಬೇಕಿತ್ತು. ಫೋನು ಕೈಗೆತ್ತಿಕೊಳ್ಳುವುದು, ಇಡುವುದು, ಇಷ್ಟೇ ಆಯಿತು. ಅವಳಿಗೆ ಟೀವಿಯಿಂದ ಗೊತ್ತಾಯಿತು.

ಅವನು ಊರಿಗೆ ಬಂದಾಗ ಅಕ್ಕ ಆಸ್ಪತ್ರೆಯ ಗೇಟಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಳು. ಹಿಂದೆ ಜನವೋ ಜನ. ಪೊಲೀಸರನ್ನು ದೂರವೇ ನಿಲ್ಲಿಸಿ ಒಬ್ಬನೇ ಹೋದ.

“ಅಕ್ಕಾ, ಒಳಗೆ ಕೂತು ಮಾತಾಡೋಣ.”

“ಒಳಗೆ ಬೀಗ ಹಾಕ್ಸೋಕೆ ಹೊರಟಿದೀಯಲ್ಲೋ, ಎಲ್ಲಿ ಕೂರೋದು?” ಜನ ನಕ್ಕರು. ಅವಳು ನಗಲಿಲ್ಲ. “ನನ್ನ ಕೈಯಲ್ಲಿ ಯಾರಾದ್ರೂ ಸತ್ರೇನೋ?”

ಅವನು ಕುರ್ಚಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಇನ್ನಾರಿಗೂ ಕೇಳದಂತೆ ಹೇಳಿದ. “ಆಗ ನೀನಿದ್ದೆ. ಈಗಿಲ್ಲ. ಇನ್ನೊಬ್ಬಳು ನಿನ್ನಂಥೋಳು ಸಿಗ್ತಾಳೆ ಅಂತ ನಂಬ್ಕೊಂಡು ವಾರ್ಡು ನಡ್ಸೋಕಾಗಲ್ಲ ಅಕ್ಕ.”

“ಹೊಗಳಿ ಬೀಗ ಹಾಕ್ತೀಯಾ?” ಅವಳ ಕಣ್ಣು ತುಂಬಿತ್ತು. “ಮಂತ್ರಿ ನೀನು, ಮಾಡೋದು ಮಾಡು. ನನ್ನ ಹತ್ರ ಮಾತ್ರ ವೋಟು ಕೇಳೋಕೆ ಬರಬೇಡ.”

ವಾರ್ಡು ಮುಚ್ಚಿತು. ಕೆಲವೇ ತಿಂಗಳಲ್ಲಿ, ದೊಡ್ಡಾಸ್ಪತ್ರೆಗೆ ಹೊರಟಿದ್ದ ಊರಿನ ಹೆಂಗಸೊಬ್ಬಳು ಹೆದ್ದಾರಿ ಬದಿಯಲ್ಲಿ ಬಾಡಿಗೆ ಕಾರಿನಲ್ಲೇ ಹೆತ್ತಳು. ತಾಯಿ ಮಗು ಉಳಿದರು, ಮಂತ್ರಿ ಉಳಿಯಲಿಲ್ಲ. ಚುನಾವಣೆ ಬಂದಾಗ ವಿರೋಧಿಗಳು ಆ ಕಾರಿನ ಚಿತ್ರವನ್ನು ಗೋಡೆಗೋಡೆಗೂ ಅಂಟಿಸಿದರು. ರಾಜ್ಯದಲ್ಲಿ ಬಾಣಂತಿಯರ ಸಾವು ಇಳಿದಿದೆ ಎಂದು ಅವನು ವೇದಿಕೆ ಹತ್ತಿ ಹೇಳಿದ. ನಿಜವೇ. ಆದರೆ ಸಾಯದೆ ಉಳಿದವಳು ತಾನೇ ಎಂದು ಯಾವ ಹೆಂಗಸಿಗೆ ತಾನೇ ಗೊತ್ತಾಗಬೇಕು? ಅಕ್ಕ ಅವನ ವಿರುದ್ಧ ತುಟಿ ಬಿಚ್ಚಲಿಲ್ಲ, ಮನೆ ಬಿಟ್ಟು ಕದಲಲೂ ಇಲ್ಲ. ಅಷ್ಟೇ ಸಾಕಾಯಿತು. ಅವನು ಹೀನಾಯವಾಗಿ ಸೋತ.

ಮತ್ತೆ ಅಂಗಡಿ. ಅಷ್ಟು ವರ್ಷ ಅದನ್ನು ನಡೆಸಿದ್ದ ಹೆಂಡತಿ ಕೌಂಟರ್ ಬಿಟ್ಟುಕೊಡಲಿಲ್ಲ. “ಹೊಸ ಮಾತ್ರೆಗಳ ಹೆಸರೇ ಗೊತ್ತಿಲ್ಲ ನಿಮ್ಗೆ. ಅಲ್ಲಿ ಕೂತು ಪೇಪರ್ ಓದಿ.”

ಓದಿದ. ಎಷ್ಟು ಕಾಲ ಅಂತ ಓದುವುದು! ಕೊನೆಗೊಂದು ದಿನ ಈಗ ಅಧಿಕಾರದಲ್ಲಿದ್ದ ಎದುರು ಪಕ್ಷದ ಮುಖ್ಯಮಂತ್ರಿಯೇ ಫೋನು ಮಾಡಿ, ರಾಜ್ಯದ ಆಂಬುಲೆನ್ಸ್ ಮಂಡಳಿಗೆ ಅಧ್ಯಕ್ಷರಾಗುತ್ತೀರಾ ಎಂದು ಕೇಳಿದರು. “ಬರೀ ಬೈಸ್ಕೊಳ್ಳೋ ಕೆಲಸ. ನಮ್ಮೋರ್ಯಾರೂ ಒಪ್ತಿಲ್ಲ. ನಿಮ್ಗಾದ್ರೆ ಅಭ್ಯಾಸ ಇದೆ.”

ಆ ಬಾಡಿಗೆ ಕಾರು ಅವನ ತಲೆಯಿಂದ ಇಳಿದಿರಲಿಲ್ಲ. ಒಪ್ಪಿಕೊಂಡ. ಪ್ರತಿ ಆಂಬುಲೆನ್ಸಿನಲ್ಲೂ ಹೆರಿಗೆ ಮಾಡಿಸಬಲ್ಲವರೊಬ್ಬರು ಇರಲೇಬೇಕೆಂದು ಹಟ ಹಿಡಿದ. ಅವರಿಗೆ ಕಲಿಸುವವರು ಬೇಕಾದಾಗ ಅಕ್ಕನ ಮನೆಗೆ ಹೋದ.

ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ತಲೆಯೆತ್ತಲಿಲ್ಲ. “ಟೀವೀಲಿ ನೋಡಿ ತಿಳ್ಕೊಂಡೆ ನಾನು. ಅದನ್ನ ಮರೆತಿಲ್ಲ.”

“ನಾನೇ ಬಂದು ಹೇಳ್ಬೇಕಿತ್ತು. ಹೆದರ್ಕೊಂಡೆ.”

“ಯಾರಿಗೋ?”

“ನಿಂಗೇ. ಇನ್ಯಾರಿಗೆ?”

ಅವಳು ಹೊದಿಕೆಯೊಂದರ ತುದಿಯನ್ನು ಅವನತ್ತ ಎಸೆದಳು. “ಹಿಡ್ಕೋ. ಒಬ್ಬಳೇ ಮಡಿಸೋಕಾಗಲ್ಲ. ಕ್ಲಾಸು ಎಲ್ಲಿ?”

ವಾರ್ಡು ಮುಚ್ಚಿದ್ದು ಸರಿ ಎಂದು ಅವಳು ಕೊನೆಯವರೆಗೂ ಒಪ್ಪಲಿಲ್ಲ. ಅವನೂ ಒಪ್ಪಿಸಲು ಹೋಗಲಿಲ್ಲ. ಮೊದಲ ತರಗತಿಯ ದಿನ ಅಧ್ಯಕ್ಷರು ಕೋಣೆಯ ಹಿಂಭಾಗದಲ್ಲಿ ಕೈಕಟ್ಟಿ ನಿಂತಿದ್ದರು. ಅಕ್ಕ ಕಲಿಸಲು ತಂದ ಮಗುವಿನ ಗೊಂಬೆಯನ್ನು ಮೇಜಿನ ಮೇಲಿಟ್ಟು ಆ ಕಡೆ ನೋಡಿದಳು.

“ಹಿಂದೆ ನಿಂತಿರೋರು ಕಲಿಯೋಕೆ ಬಂದಿದ್ರೆ ಗ್ಲೌಸ್ ಹಾಕ್ಕೊಳ್ಳಿ. ಸುಮ್ನೆ ನೋಡೋಕಾದ್ರೆ ಬಾಗಿಲು ಅಲ್ಲಿದೆ.”

ಅವನು ಕೈಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡು ಗ್ಲೌಸಿನ ಡಬ್ಬಿಗೆ ಕೈ ಚಾಚಿದ.