ಮೂಗು ಕಟ್ಟಿದಾಗ ಉಂಡ ಸಾರು

‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂದು ಗಾದೆ ಕಟ್ಟಿದವರ ಮೂಗು ನನ್ನದರಂತೆ ಎಂದಾದರೂ ಬಿಗಿದಿತ್ತೋ ಇಲ್ಲವೋ, ನಾನರಿಯೆ. ರಾಮನಗರದ ನಮ್ಮ ಬೀದಿಯ ತುಂಬ ರೇಷ್ಮೆಗೂಡು ಬೇಯಿಸುವ ಮನೆಗಳು. ಆ ನಾತಕ್ಕೆ ಕರವಸ್ತ್ರ ಒತ್ತಿಕೊಂಡೇ ಬಿಡದಿಯ ಕಾರ್ಖಾನೆಯ ಬಸ್ಸಿಗೆ ಓಡುತ್ತಿದ್ದವನು ನಾನು. ಅಂದು ನಾತವೇ ಇಲ್ಲ! ನೆಗಡಿಯೂ ಒಂದು ವರವೇ ಸ್ವಾಮಿ ಎಂದು ಒಳಗೊಳಗೇ ಹಿಗ್ಗಿದೆ.

ಸಂಜೆ ತಟ್ಟೆಯ ಮುಂದೆ ಕೂತಾಗ ಆ ಹಿಗ್ಗು ಇಳಿಯಿತು. ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಮುದ್ದೆಯನ್ನು ನಾವು ಅಗಿಯುವವರಲ್ಲ, ಸಾರನ್ನು ನಂಬಿ ನುಂಗುವವರು. ನುಂಗಿದೆ. ಉಪ್ಪು ನಾಲಿಗೆಯ ತುದಿಗೆ ತಾಕಿತು, ಖಾರ ಚುರುಕ್ಕೆಂದಿತು, ಅಷ್ಟೇ. ಸಾರಿನಲ್ಲಿ ಸಾರವೇ ಇಲ್ಲ! ಬೆಚ್ಚಿಬಿದ್ದೆ.

“ಹೆಂಗೈತೆ?” ಎಂದಳು ನನ್ನಾಕೆ.

ಮನಸ್ಸು ನೋಯಿಸುವುದೇಕೆಂದು ಚೆನ್ನಾಗಿದೆ ಎಂದೆ.

“ಇರ್ದೆ ಇರ್ತದಾ? ಅತ್ತೆ ಮಾಡಿಟ್ಟಿದ್ದ ಕಡೇ ಪುಡಿ ಕಣ್ರೀ. ನೆಗಡಿಗೆ ಹುರುಳಿ ಸಾರೇ ಮದ್ದು ಅಂತ ಡಬ್ಬ ಪೂರಾ ಕೊಡವಿ ಹಾಕ್ಬುಟ್ಟೆ.”

ಅವ್ವ ತೀರಿಕೊಂಡು ಆಗಿನ್ನೂ ಎರಡು ತಿಂಗಳು. ಗೋಡೆಯ ಪಟದಲ್ಲಿ ಅವಳ ಮುಖವೇನೋ ಇದೆ. ಪಟಕ್ಕೆ ರುಚಿಯೆಲ್ಲಿಂದ ಬರಬೇಕು? ಸಾತನೂರಿನಿಂದ ಮೆಣಸಿನಕಾಯಿ ತರಿಸಿ ಹುರಿದು ಕುಟ್ಟಿದ ಕೈಯೇ ಬೂದಿಯಾಗಿತ್ತು. ಶಾಸ್ತ್ರದವರು ಷಡ್ರಸಗಳನ್ನು ಹೆಸರಿಸಿದರು, ಅವ್ವನ ಕೈರುಚಿ ಅವುಗಳಲ್ಲಿ ಯಾವುದೆಂದು ಹೇಳಲಿಲ್ಲ. ಅದು ಉಳಿದಿದ್ದದ್ದು ಆ ಡಬ್ಬದ ತಳದಲ್ಲಿ, ನಾನದನ್ನು ಮಣ್ಣಿನಂತೆ ನುಂಗಿ ಕೂತಿದ್ದೆ.

“ಅಯ್ಯೋ, ನಂಗೆ ರುಚೀನೇ ಗೊತ್ತಾಗ್ತಿಲ್ಲ ಕಣೇ!”

ಅವಳ ಕೈಯ ಸೌಟು ನಿಂತಿತು. ಪಾತ್ರೆಯೊಳಗೆ ಇಣುಕಿದಳು. “ಒಸಿ ಮಿಕ್ಕೈತೆ. ಹೊತ್ತೊತ್ತಿಗೂ ಕುದಿಸಿ ಇಡ್ತೀನಿ. ಮೊದ್ಲು ಮೂಗು ಬುಡ್ಲಿ” ಎಂದಳು.

ಹುರುಳಿ ಸಾರು ಕುದಿದಷ್ಟೂ ರುಚಿ ಎನ್ನುವುದು ನಮ್ಮ ಕಡೆಯ ನಂಬಿಕೆ. ಆದರೆ ಅದು ಬಿರುಬೇಸಿಗೆ, ಮನೆಯಲ್ಲಿ ಫ್ರಿಜ್ಜಿಲ್ಲ. ಅವಳು ಬೆಳಿಗ್ಗೆ ಸಂಜೆ ಸಾರು ಕುದಿಸಿದಳು. ನಾನು ಕಂಬಳಿ ಹೊದ್ದು ತುಳಸಿ ನೀರಿನ ಹಬೆ ಹಿಡಿದೆ, ಮೆಣಸಿನ ಕಷಾಯ ಕುಡಿದೆ, ನಾಚಿಕೆ ಬಿಟ್ಟು ಮೂಗನ್ನೇ ಬೇಡಿಕೊಂಡೆ. ಮನುಷ್ಯ ಯಾವುದಕ್ಕೆಲ್ಲ ಕೈಮುಗಿಯುತ್ತಾನೆ ನೋಡಿ!

ನಾಲ್ಕನೆಯ ಬೆಳಿಗ್ಗೆ ಮೂಗು ಬಿಟ್ಟಿತು. ಎದ್ದವನೇ ಓಡಿ ಪಾತ್ರೆಯ ಮುಚ್ಚಳ ತೆಗೆದೆ. ಗಪ್ಪೆಂದು ವಾಸನೆ ಬಡಿಯಿತು. ಸಾರು ಹಳಸಿತ್ತು.

ಆದರೂ ಒಂದು ಸೌಟು ಬಾಯಿಗೆ ಸುರಿದುಕೊಂಡೆ.

“ಉಗೀರಿ, ಉಗೀರಿ! ಕೆಟ್ಟೋಗೈತೆ!” ಎಂದು ನನ್ನಾಕೆ ಕೈ ಹಿಡಿದಳು.

ಉಗಿಯಲಿಲ್ಲ. ಹುಳಿಯ ಹಿಂದೆ ಅವ್ವ ಇದ್ದಳು.