ಸಾಬವ್ವ ಮುಟ್ಟಿದ ಓವನ್

ಐರೋಲಿಯ ಆ ಕಟ್ಟಡಕ್ಕೆ ಸಾಬವ್ವ ಮೊದಲು ಬಂದದ್ದು ತಲೆಯ ಮೇಲೆ ಇಟ್ಟಿಗೆ ಹೊತ್ತುಕೊಂಡು. ಕಟ್ಟಡ ಮುಗಿದ ಮೇಲೆ ಗಂಡ ಜಟ್ಟೆಪ್ಪ ವಾಶಿ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸಲು ಹೋದ. ಅವಳು ಅದೇ ಕಟ್ಟಡದ ಮನೆಗಳಲ್ಲಿ ಪಾತ್ರೆ ತಿಕ್ಕುವ, ನೆಲ ಒರೆಸುವ ಕೆಲಸ ಹಿಡಿದಳು. ವಿಜಯಪುರದ ಕಡೆಯ ಹೆಂಗಸು. ಮಾತು ಕಡಿಮೆ, ಕೈ ಹಗುರ. ಅವಳ ಕೈಯಿಂದ ಒಂದು ಗಾಜಿನ ಲೋಟ ಬಿದ್ದದ್ದನ್ನೂ ಯಾರೂ ಕಂಡಿರಲಿಲ್ಲ. ಒಂದು ಮನೆಯವರು ಇನ್ನೊಂದು ಮನೆಯವರಿಗೆ ಹೇಳಿ ಅವಳ ಕೆಲಸ ಬೆಳೆದದ್ದು ಆ ಹೆಸರಿನಿಂದಲೇ.

ಅಪರ್ಣಾಳ ಮನೆ ಹಾಗೆ ಸಿಕ್ಕಿದ್ದು. ಉಡುಪಿಯ ಕುಟುಂಬ. ಅಪರ್ಣಾ ಮನೆಯಲ್ಲಿ ಮೊಟ್ಟೆಯಿಲ್ಲದ ಕೇಕು ಮಾಡಿ ಮಾರುತ್ತಿದ್ದಳು. ಅವಳು ತಂದ ಗ್ಯಾಸ್ ಓವನ್ನನ್ನು ಅತ್ತೆ ವನಮಾಲಮ್ಮ ಅಡುಗೆಮನೆಯೊಳಗೆ ಸೇರಿಸಲಿಲ್ಲ. ಅದು ಬಾಲ್ಕನಿಯಲ್ಲಿ ನಿಂತಿತು. ಪ್ರತಿದಿನ ಸಾಬವ್ವ ಅದರೊಳಗೆ ಉದುರಿದ ಪುಡಿ ತೆಗೆದು ಒಣಬಟ್ಟೆಯಲ್ಲಿ ಒರೆಸುತ್ತಿದ್ದಳು. ಒದ್ದೆ ಬಟ್ಟೆ ತಾಗಿಸಬೇಡ ಎಂದು ಅಪರ್ಣಾ ಮೊದಲ ದಿನವೇ ಹೇಳಿದ್ದಳು.

ದೀಪಾವಳಿ ಹತ್ತಿರ ಬಂದಾಗ ಓವನ್ ಕೆಟ್ಟಿತು. ಲೈಟರಿನಿಂದ ಹಚ್ಚಿದರೆ ಉರಿಯುತ್ತಿತ್ತು. ಬೇಕಾದಷ್ಟು ಕಾವೇರಿದ ಮೇಲೆ ಉರಿ ತಾನಾಗಿ ಆರಬೇಕು, ಕಾವು ಇಳಿದಾಗ ತಾನಾಗಿ ಹತ್ತಬೇಕು. ಆರುತ್ತಿತ್ತು, ಹತ್ತುತ್ತಿರಲಿಲ್ಲ. ಒಳಗೆ ಟಿಕ್ ಟಿಕ್ ಎಂಬ ಸದ್ದು, ಆಮೇಲೆ ಅದೂ ಇಲ್ಲ. ಕೇಕುಗಳ ನಡು ಕುಸಿಯುತ್ತಿತ್ತು. ಅಪರ್ಣಾ ಸಿಲಿಂಡರ್ ಬದಲಿಸಿ ನೋಡಿದಳು, ಪೈಪು ನೋಡಿದಳು, ಗಾಳಿಗೆ ಅಡ್ಡವಾಗಿ ರಟ್ಟು ಇಟ್ಟು ನೋಡಿದಳು. ಕೊನೆಗೆ ಬಂದ ಮೆಕ್ಯಾನಿಕ್ ತಳದ ತಗಡು ಬಿಚ್ಚಿ, ಕಿಡಿ ಹಾರಿಸುವ ಕಡ್ಡಿಯ ಮೇಲೆ ಕಟ್ಟಿದ್ದ ಬಿಳಿ ಕಿಟ್ಟ ತೋರಿಸಿದ. ನೀರು ಹೋಗಿದೆ, ಒಂದು ಸಲವಲ್ಲ, ದಿನಾ ಹೋಗಿದೆ ಎಂದ. ಹೊಸ ಕಡ್ಡಿ ಹಾಕಿ ಹೊರಟ.

ಅಪರ್ಣಾಳನ್ನು ಬಿಟ್ಟರೆ ಓವನ್ ಮುಟ್ಟುತ್ತಿದ್ದವಳು ಸಾಬವ್ವ ಒಬ್ಬಳೇ. ಅವಳು ನೀರು ತಾಗಿಸಿಲ್ಲವೆಂದು ದೇವರ ಆಣೆ ಇಟ್ಟಳು. ಅಪರ್ಣಾ ಕೇಳಲಿಲ್ಲ, ಕೆಲಸದಿಂದ ಬಿಡಿಸಿದಳು. ಅವಳಿಂದ ಸುದ್ದಿ ಕೇಳಿ, ಸಾಬವ್ವ ಕೆಲಸಕ್ಕೆ ಹೋಗುತ್ತಿದ್ದ ಕೆಳಗಿನ ಮಾಳಿಗೆಯ ಸುಲೋಚನಾ ಕೂಡ ಆ ವಾರವೇ ಬೇರೆಯವಳನ್ನು ನೋಡಿಕೊಂಡಳು. ಅವಳ ಮನೆಯಲ್ಲಿ ಇನ್ನೂ ಬೆಲೆಬಾಳುವ ಮೆಷಿನ್ನುಗಳಿದ್ದವು. ಉಳಿದ ಮನೆಗಳು ಒಂದೊಂದಾಗಿ ಹೋದವು. ಇತ್ತ ಅಪರ್ಣಾ ತಾನೇ ಒರೆಸತೊಡಗಿದ ಮೇಲೆ ಓವನ್ ಸರಿಯಾಗಿ ಹತ್ತಿ ಆರಿ ಹತ್ತುತ್ತಿತ್ತು. ಅದೇ ಸಾಕ್ಷಿಯಾಯಿತು.

ಹಬ್ಬ ಮುಗಿದ ಮೇಲೆ ಆ ಮನೆಗೆ ಮಲ್ಲಿಕಾ ಬಂದಳು. ಅವಳದೂ ಸಾಬವ್ವ ಇದ್ದ ಗಲ್ಲಿಯೇ. ಒಂದು ದಿನ ಓವನ್ ಒರೆಸಿಟ್ಟು ಹೋದವಳು, ಮರೆತ ಮೊಬೈಲಿಗಾಗಿ ವಾಪಸು ಬಂದಾಗ ವನಮಾಲಮ್ಮ ಬಾಲ್ಕನಿಯಲ್ಲಿದ್ದರು. ಕೈಯಲ್ಲಿ ತಾಮ್ರದ ಚೊಂಬು. ಓವನ್ನಿನ ಬಾಗಿಲು ತೆರೆದು ಒಳಗೆ ನೀರು ಚೆಲ್ಲುತ್ತಿದ್ದರು, ಬಾಯಲ್ಲಿ ದೇವರ ನಾಮ ಹೇಳುತ್ತಿದ್ದರು.

ಮಲ್ಲಿಕಾ ಅದನ್ನು ಸಾಬವ್ವನಿಗೆ ಹೇಳಿದಳು. ಮರುದಿನ ಸಾಬವ್ವ ತೊಳೆದ ಸೀರೆ ಉಟ್ಟು ಅಪರ್ಣಾಳ ಬಾಗಿಲಿಗೆ ಹೋಗಿ ನಿಂತಳು. ಓವನ್ ಮತ್ತೆ ಹತ್ತುತ್ತಿರಲಿಲ್ಲ. ಅಪರ್ಣಾಳ ಕೈಯಲ್ಲಿ ಲೈಟರ್ ಇತ್ತು. ಮಲ್ಲಿಕಾ ಕಂಡದ್ದನ್ನು ಸಾಬವ್ವನ ಬಾಯಿಂದ ಕೇಳಿ ಅವಳು ಒಳಗೆ ತಿರುಗಿ ಅತ್ತೆಯನ್ನು ವಿಚಾರಿಸಿದಳು. ವನಮಾಲಮ್ಮ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ.

"ಮತ್ತೆ? ಅವರು ಮುಟ್ಟಿದ್ದನ್ನು ತೊಳೆಯದೆ ಹಾಗೇ ಇಡ್ಲಿಕ್ಕುಂಟಾ? ನೀನು ಒರೆಸಿದ ದಿನ ನಾನು ನೀರು ಹಾಕಿದ್ದೇನಾ?"

ಅಪರ್ಣಾ ಬಾಗಿಲನ್ನು ಅರ್ಧ ಎಳೆದುಕೊಂಡು ಹೊರಗೆ ಬಂದಳು. ಆದದ್ದು ಆಯಿತು, ಸೋಮವಾರದಿಂದ ಬಾ, ಪಗಾರ ಹೆಚ್ಚು ಕೊಡುತ್ತೇನೆ ಎಂದು ಮೆಲ್ಲಗೆ ಹೇಳಿದಳು.

"ಕೆಲಸ ಕೇಳಾಕ ಬಂದಿಲ್ರಿ ಬಾಯಾರ. ಸುಲೋಚನಾ ಬಾಯಾರಿಗೆ ಒಂದ ಮಾತು ಹೇಳ್ರಿ. ಸಾಬವ್ವ ಕೆಡಿಸಿಲ್ಲ ಅಂತ. ಅಷ್ಟ ಸಾಕು."

"ಯಾರು ಕೆಡಿಸಿದ್ದು ಅಂತ ಅವರು ಕೇಳ್ತಾರೆ. ನಾನು ಏನು ಹೇಳ್ಲಿ? ಅತ್ತೆಗೆ ವಯಸ್ಸಾಗಿದೆ. ಸೊಸೈಟಿಯಲ್ಲಿ ಆಡ್ಕೊಂಡು ನಗ್ತಾರೆ. ಮನೆ ಮಾತು ಮನೇಲಿರ್ಲಿ ಸಾಬವ್ವ."

"ನಂದೂ ಹೆಸರೈತಲ್ರಿ. ಅದನ್ನ ಇಡೀ ಬಿಲ್ಡಿಂಗಿಗೆ ಹಂಚಿದ್ರಿ."

ಅಪರ್ಣಾಳ ಕಣ್ಣು ತುಂಬಿತು. ಆದರೂ ಅವಳು ಸುಲೋಚನಾಳ ಬಾಗಿಲಿಗೆ ಇಳಿಯಲಿಲ್ಲ. ಸಾಬವ್ವ ತಾನೇ ಹೋಗಿ ಬೆಲ್ ಒತ್ತಿದಳು. ಸುಲೋಚನಾ ಸರಳು ಬಾಗಿಲಿನಾಚೆಯಿಂದಲೇ ಪೂರ್ತಿ ಕೇಳಿ, ಅಪರ್ಣಾ ಬಂದು ಹೇಳಲಿ ನೋಡೋಣ ಎಂದಳು.

ಅಪರ್ಣಾ ಬರಲಿಲ್ಲ. ಓವನ್ನಿಗೆ ಮತ್ತೊಂದು ಕಡ್ಡಿ ಹಾಕಿಸಿ, ಬಾಲ್ಕನಿಗೆ ಬೀಗ ಹಾಕಿದಳು. ಮಲ್ಲಿಕಾಳನ್ನು ಕೆಲಸದಿಂದ ಬಿಡಿಸಿದಳು. ಮನೆಯ ಸುದ್ದಿ ಹೊರಗೆ ಒಯ್ಯುವವಳೆಂಬ ಮಾತು ಕಟ್ಟಡದಲ್ಲಿ ಸಂಜೆಯೊಳಗೆ ಹರಡಿತು.

ಈಗ ಸಾಬವ್ವ, ಮಲ್ಲಿಕಾ ಇಬ್ಬರೂ ಬೆಳಗಿನ ಟ್ರೇನಿನಲ್ಲಿ ವಾಶಿ ಮಾರ್ಕೆಟ್ಟಿಗೆ ಹೋಗಿ ಕೊಳೆತ ಈರುಳ್ಳಿ ಆರಿಸುತ್ತಾರೆ. ಜಟ್ಟೆಪ್ಪನೇ ಹೇಳಿ ಕೊಡಿಸಿದ ಕೆಲಸ. ಒಂದೇ ಗಲ್ಲಿಯಿಂದ ಹೊರಟರೂ ಮಲ್ಲಿಕಾ ಬೇರೆ ಡಬ್ಬಿ ಹತ್ತುತ್ತಾಳೆ. ಮೊದಲ ದಿನ ಪ್ಲಾಟ್‌ಫಾರ್ಮಿನಲ್ಲಿ ಒಂದೇ ಒಂದು ಮಾತು ಆಡಿದ್ದಳು.

"ನಿನ್ನ ಹೆಸರಂತೂ ಹೋಗಿತ್ತು ಅಕ್ಕಾ. ನನ್ನದನ್ನ ಯಾಕ ಕಳದಿ?"

ಟ್ರೇನ್ ಬಂದಾಗ ಮಲ್ಲಿಕಾ ಮುಂದೆ ನಡೆದುಹೋದಳು.